ಮೂವತ್ತೊಂಬತ್ತನೆಯ ಪಾಠ

ಕಟ್ಟೆಮಳಲವಾಡಿಯ ನಂಜುಂಡಸ್ವಾಮಿಗೆ ಸ್ವಂತದ್ದು ಅಂತ ಮೂರು ಎಕರೆ ಹೊಲವಿತ್ತು, ಹೊಗೆಸೊಪ್ಪು ಬೇಯಿಸುವ ಒಂದು ಬ್ಯಾರನ್ನು ಇತ್ತು, ಎರಡು ಸೀಮೆಹಸು ಇದ್ದವು. ಮೂಗಿನ ಕೆಳಗಿನ ಮೀಸೆ ಮಾತ್ರ ಸ್ವಂತದ್ದಲ್ಲ. ಅದು ಅವನ ತಾಯಿ ಸಣ್ಣತಾಯಮ್ಮನದು.

ಇದನ್ನು ಕೊಂಚ ಬಿಡಿಸಿ ಹೇಳಬೇಕು. ಅವರ ವಂಶದಲ್ಲಿ ಗಂಡಸಾದವನು ಮೀಸೆ ತೆಗೆಸುವುದು ಜನ್ಮದಲ್ಲಿ ಎರಡೇ ಸಲ. ಅಪ್ಪ ಹೋದಾಗ ಒಂದು, ಅವ್ವ ಹೋದಾಗ ಇನ್ನೊಂದು. ಅಪ್ಪನ ಪಾಲಿನದು ನಂಜುಂಡಸ್ವಾಮಿಗೆ ಇಪ್ಪತ್ತಾರು ವಯಸ್ಸಾಗಿದ್ದಾಗಲೇ ಸಂದುಹೋಗಿತ್ತು. ಆಮೇಲೆ ಬೆಳೆದ ಮೀಸೆ ಮೂವತ್ತೆರಡು ವರ್ಷದಿಂದ ಅವ್ವನ ಹೆಸರಿನಲ್ಲಿತ್ತು. ಸಣ್ಣತಾಯಮ್ಮ ಅದನ್ನು ತನ್ನ ಹಿತ್ತಲಿನ ಅವರೆಕಾಯಿ ಚಪ್ಪರದಷ್ಟೇ ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಳು.

"ಬಲಗಡೆ ಒಂದೀಟು ತೆಳ್ಳಗಾದಂಗದೆ ಕಣ್ಲಾ. ಕೊಬ್ರಿ ಎಣ್ಣೆ ಆಕು. ನಾನೋಗೋ ದಿನ ನೆಂಟ್ರಿಷ್ಟ್ರೆಲ್ಲ ಬತ್ತಾರೆ, ಸಣ್ಣತಾಯಿ ಮಗ ಇಷ್ಟೇ ಇಷ್ಟು ಮೀಸೆ ಕೊಟ್ಟ ಅಂದ್ಕಬಾರ್ದು."

"ಬೆಳಬೆಳಗ್ಗೇನೇ ಶುರು ಮಾಡ್ಕಂಡ್ಯಾ ಅವ್ವ?"

"ಈ ಯುಗಾದಿ ದಾಟಾಕಿಲ್ಲ ಬುಡು ನಾನು."

ಎಂಬತ್ತನಾಲ್ಕರ ಸಣ್ಣತಾಯಮ್ಮನಿಗೆ ರೋಗ ಅಂತ ಏನೂ ಇರಲಿಲ್ಲ. ಹೊರಡುವ ಮನಸ್ಸಾಗಿತ್ತು, ಅಷ್ಟೆ. ಒಂದು ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಇಳಿದಿದ್ದಳು, ಅರ್ಧದಿಂದ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದ್ದಳು. ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ನೆಟ್ಟಗೆ ಮಲಗಿ, ಕಾಲಿನ ಹೆಬ್ಬೆರಳು ಎರಡನ್ನೂ ಜೋಡಿಸಿ, ಬಿಳಿ ದುಪ್ಪಟಿಯನ್ನು ತಲೆಯಿಂದ ಪಾದದವರೆಗೆ ಹೊದ್ದುಕೊಳ್ಳುತ್ತಿದ್ದಳು. ಇದೇನವ್ವ ಅಂದರೆ, "ರೂಢಿ ಮಾಡ್ಕತಾ ಇವ್ನಿ ಬುಡ್ಲಾ, ಆ ಹೊತ್ತಿಗೆ ತಡಬಡಾಯಿಸಬಾರ್ದು" ಅನ್ನುತ್ತಿದ್ದಳು. ನಂಜುಂಡಸ್ವಾಮಿ ಹೊರಗೆ ರೇಗುತ್ತಿದ್ದ, ಒಳಗೆ ಹೆದರುತ್ತಿದ್ದ. ಐವತ್ತೆಂಟು ವರ್ಷದಲ್ಲಿ ಅವನು ಅವ್ವ ಇಲ್ಲದ ಮನೆಯನ್ನು ಕಂಡವನೇ ಅಲ್ಲ.

ಆ ಹೆದರಿಕೆ ತಡೆಯಲಾರದೆ ಅವನು ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕಿದವನೇ ಬೈಕು ಹತ್ತಿ ಹುಣಸೂರಿನ ಗೌಸ್ ಭಾಯಿಯ ಮರದ ಅಂಗಡಿಗೆ ಓಡುತ್ತಿದ್ದ. ಗೌಸ್ ಮಂಚದ ಕಾಲು ಕಡೆಯುವುದರಲ್ಲಿ ತಾಲ್ಲೂಕಿಗೇ ಹೆಸರುವಾಸಿ. ಉಳಿದ ತೇಗದ ತುಂಡುಗಳಲ್ಲಿ ಒಂದು ಚದುರಂಗದ ಸೆಟ್ಟನ್ನೂ ಕಡೆದಿಟ್ಟುಕೊಂಡಿದ್ದ. ಕೈ ಪಳಗಿದ್ದು ಮಂಚದಲ್ಲಾದ್ದರಿಂದ ರಾಜ, ಮಂತ್ರಿ, ಕಾಲಾಳುಗಳೆಲ್ಲ ಮಂಚದ ಕಾಲಿನ ಮರಿಗಳಂತೆಯೇ ಇದ್ದವು. ಗೌಸ್ ಲೇತ್ ಮಿಷನ್ ನಿಲ್ಲಿಸದೆಯೇ ಆಡುತ್ತಿದ್ದ. ಮಿಷನ್ನಿನ ಹತ್ತಿರ ನಿಂತು ಕಾಲು ಕಡೆಯುವುದು, ನಡುವೆ ಬಂದು ಒಂದು ನಡೆ ಇಡುವುದು, ಮತ್ತೆ ಹೋಗುವುದು. ಹಾಗೆ ಅರೆಮನಸ್ಸಿನಲ್ಲಿ ಆಡಿಯೇ ಅವನು ನಂಜುಂಡಸ್ವಾಮಿಯನ್ನು ಮೂರು ವರ್ಷದಿಂದ ಒಂದೇ ಸಮನೆ ಸೋಲಿಸಿಕೊಂಡು ಬಂದಿದ್ದ.

ಸಂಕ್ರಾಂತಿಯ ಮಾರನೆಯ ದಿನ ನಂಜುಂಡಸ್ವಾಮಿಗೆ ಮೈಸೂರಿನ ಹಳೆ ಪುಸ್ತಕದ ಗಾಡಿಯೊಂದರಲ್ಲಿ ಚದುರಂಗ ಕಲಿಸುವ ಪುಸ್ತಕ ಸಿಕ್ಕಿತು. ರಟ್ಟು ಹರಿದಿತ್ತು, ಬರೆದವರ ಹೆಸರು ಗೆದ್ದಲಿನ ಪಾಲಾಗಿತ್ತು. ಒಳಗೆ ಎಣಿಸಿ ನಲವತ್ತೆಂಟು ಪಾಠ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 'ದಿನಕ್ಕೊಂದು ಪಾಠದಂತೆ ಓದತಕ್ಕದ್ದು' ಎಂದಿತ್ತು. ನಲವತ್ತೆಂಟು ದಿನ ಅಂದರೆ ಒಂದು ಮಂಡಲ! ನಂಜುಂಡಸ್ವಾಮಿಗೆ ಮೈ ಜುಮ್ಮೆಂದಿತು. ಇದು ಪುಸ್ತಕವಲ್ಲ, ವ್ರತ ಅಂತ ತೀರ್ಮಾನ ಮಾಡಿದ. ಮಾರನೆಯ ದಿನದಿಂದ ತಣ್ಣೀರು ಸ್ನಾನ ಮಾಡಿ, ವಿಭೂತಿ ಇಟ್ಟು, ಪೂರ್ವಕ್ಕೆ ಮುಖ ಮಾಡಿ ಕೂತು ಪಾಠ ಓದತೊಡಗಿದ. ಮಂಡಲ ಮುಗಿಯುವವರೆಗೆ ಕೋಳಿ ಬೇಡ ಅಂದ. ಹೆಂಡತಿ ಜಯಲಕ್ಷ್ಮಮ್ಮ, "ಯಾವ ದೇವ್ರು ಇದು, ಕುದ್ರೆ ಮೇಲಿರೋನಾ ಒಂಟೆ ಮೇಲಿರೋನಾ?" ಅಂತ ಕೇಳಿದಳು.

ಮೊದಲ ಪಾಠ ಓದಿದ ದಿನವೇ ಅವನ ನಡಿಗೆ ಬದಲಾಯಿತು. ಗೌಸನ ಅಂಗಡಿಗೆ ಹೋಗಿ, ಮಂಚ ತೆಗೆದುಕೊಳ್ಳಲು ಬಂದಿದ್ದ ಗಿರಾಕಿಗಳ ಎದುರಿಗೇ ಪುಸ್ತಕವನ್ನು ಹಲಗೆಯ ಮೇಲೆ ಕುಕ್ಕಿದ.

"ಲೇ ಗೌಸು, ನಲವತ್ತೆಂಟು ದಿನ. ನಲವತ್ತೆಂಟನೇ ದಿನಕ್ಕೆ ನಿನ್ನ ಗೆಲ್ಲದೆ ಓದ್ರೆ ಈ ಮೀಸೆ ಬೋಳಿಸ್ತೀನಿ!"

ಲೇತ್ ಮಿಷನ್ ಕೂಡ ಒಂದು ಗಳಿಗೆ ತಡವರಿಸಿದಂತಾಯಿತು.

"ಸ್ವಾಮಣ್ಣ, ಬಾಯಿಗೆ ಬಂದಂಗೆ ಆಡ್ಬೇಡ. ಅಮ್ಮ ಇನ್ನೂ ಗಟ್ಟಿಮುಟ್ಟಾಗವ್ರೆ. ಮೀಸೆ ಅವ್ರದ್ದಲ್ವಾ?" ಅಂದ ಗೌಸ್.

"ಸೋತ್ರೆ ತಾನೇ? ಪುಸ್ತಕ ಐತೆ ನನ್ತಾವ!"

ಪುಸ್ತಕವೇನೋ ಇತ್ತು. ತೊಂದರೆ ಅಂದರೆ ಗೌಸ್ ಅದನ್ನು ಓದಿರಲಿಲ್ಲ. ಮೊದಲ ವಾರ ನಂಜುಂಡಸ್ವಾಮಿ ಹಿಂದೆಂದಿಗಿಂತ ಬೇಗ ಸೋತ.

"ನೀನು ಕುದ್ರೆ ಯಾಕೆ ಅಲ್ಲಿಟ್ಟೆ? ಪುಸ್ತಕದಲ್ಲಿ ಕರಿಯೋನು ಒಂಟೆ ಆಡ್ತಾನೆ."

"ಅವ್ನು ಯಾರೋ ಒಳ್ಳೆ ಮನುಷ್ಯ ಇರ್ಬೇಕು ಸ್ವಾಮಣ್ಣ. ನಿಂಗೆ ಅನುಕೂಲ ಆಗ್ಲಿ ಅಂತ ಆಡ್ತಾನೆ. ಚೆಕ್."

ಆದರೆ ಮನುಷ್ಯ ದಿನಾ ತಣ್ಣೀರು ಸ್ನಾನ ಮಾಡಿ ಓದಿದರೆ ಎಂಥ ಪುಸ್ತಕವೂ ಒಂದಲ್ಲ ಒಂದು ದಿನ ಕನಿಕರ ತೋರಿಸುತ್ತದೆ. ಹದಿನೈದನೆಯ ಪಾಠದ ಹೊತ್ತಿಗೆ ನಂಜುಂಡಸ್ವಾಮಿ ತನ್ನ ಕಾಯಿಗಳನ್ನು ಸುಮ್ಮಸುಮ್ಮನೆ ಬಲಿ ಕೊಡುವುದನ್ನು ಬಿಟ್ಟ. ಇಪ್ಪತ್ತೆರಡರ ಹೊತ್ತಿಗೆ ಎದುರಿನವನು ಯಾಕೆ ಹೀಗೆ ಇಟ್ಟ ಅಂತ ಕೇಳಿಕೊಳ್ಳಲು ಕಲಿತ. ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಆಟ ಒಂದೂವರೆ ಗಂಟೆಗೆ ಹೋಯಿತು. ಮೂವತ್ತನೆಯ ದಿನ ಒಂದು ವಿಶೇಷ ನಡೆಯಿತು. ಗೌಸ್ ಎದ್ದು ಹೋಗಿ ಲೇತ್ ಮಿಷನ್ ಆಫ್ ಮಾಡಿ, ಕೈ ಒರೆಸಿಕೊಂಡು, ಸ್ಟೂಲು ಎಳೆದುಕೊಂಡು ಹಲಗೆಯ ಮುಂದೆ ಕೂತ. ನಂಜುಂಡಸ್ವಾಮಿ ಅವತ್ತೂ ಸೋತ, ಆದರೆ ಕಣ್ಣಲ್ಲಿ ನೀರು ತಂದುಕೊಂಡು ಮನೆಗೆ ಬಂದು, "ಅವ್ವ, ಗೌಸು ಇವತ್ತು ಮಿಷನ್ ನಿಲ್ಲಿಸ್ದ ಕಣವ್ವ!" ಅಂದ. ಸಣ್ಣತಾಯಮ್ಮ ದುಪ್ಪಟಿಯೊಳಗಿನಿಂದಲೇ, "ಕರೆಂಟ್ ಓಗಿರ್ಬೇಕು" ಅಂದಳು.

ಮೂವತ್ತೊಂಬತ್ತನೆಯ ದಿನ ಕೆ.ಆರ್. ನಗರದ ಆಚೆ ಹೊಸ ಅಗ್ರಹಾರದಲ್ಲಿ ನೆಂಟರೊಬ್ಬರ ತಿಥಿ ಬಂತು. ಬೆಳಗಿನ ಜಾವಕ್ಕೇ ಹೊರಡಬೇಕಾಯಿತು, ಪಾಠ ತಪ್ಪಿತು. ನಲವತ್ತನೆಯ ದಿನ ಎರಡೂ ಓದಿಕೊಳ್ಳಬಹುದಿತ್ತು. ಆದರೆ ಪುಸ್ತಕ 'ದಿನಕ್ಕೊಂದು' ಅಂದಿದೆಯಲ್ಲ, ವ್ರತ ಕೆಡುತ್ತದೆ. ಹಾಗಾಗಿ ನಂಜುಂಡಸ್ವಾಮಿ ಮೂವತ್ತೊಂಬತ್ತನೆಯ ಪಾಠವನ್ನು ಹಾಗೇ ಬಿಟ್ಟು ನಲವತ್ತನೆಯದನ್ನು ಓದಿದ. ಇಷ್ಟು ಪಾಠದಲ್ಲಿ ಒಂದು ಹೋದರೆ ಏನಾದೀತು ಅಂದುಕೊಂಡ.

ನಲವತ್ತೆಂಟನೆಯ ದಿನ ಜಯಲಕ್ಷ್ಮಮ್ಮ ಎಚ್.ಡಿ. ಕೋಟೆಯಲ್ಲಿ ತಂಗಿಯ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದಳು. ಅವ್ವನಿಗೆ ಮಧ್ಯಾಹ್ನ ಊಟ ಕೊಡಲು ಪಕ್ಕದ ಮನೆಯ ರುಕ್ಮಿಣಮ್ಮನಿಗೆ ಹೇಳಿ ನಂಜುಂಡಸ್ವಾಮಿ ಹುಣಸೂರಿಗೆ ಹೊರಟ.

ಆ ಆಟವನ್ನು ನೋಡಿದವರು ಇವತ್ತಿಗೂ ಹೇಳುತ್ತಾರೆ. ನಂಜುಂಡಸ್ವಾಮಿ ಗೌಸನ ಕುದುರೆ ಎರಡನ್ನೂ ತಿಂದ, ಆನೆ ತಿಂದ, ಮಂತ್ರಿಯನ್ನು ಮಂತ್ರಿಯ ಮನೆಗೇ ಹೋಗಿ ಹಿಡಿದ. ಹನ್ನೊಂದು ಗಂಟೆಯ ಹೊತ್ತಿಗೆ ಗೌಸನಿಗೆ ಉಳಿದದ್ದು ಮೂಲೆಯಲ್ಲಿ ಒಬ್ಬ ರಾಜ, ಒಂದೇ ಒಂದು ಕಾಲಾಳು. ನಂಜುಂಡಸ್ವಾಮಿ ಸುತ್ತ ನಿಂತಿದ್ದವರನ್ನೆಲ್ಲ ಒಂದು ಸಲ ನೋಡಿ, ಮೀಸೆ ತಿರುವಿ, ತನ್ನ ಮಂತ್ರಿಯನ್ನು ಎತ್ತಿ ಆ ಕಾಲಾಳನ್ನೂ ಹೊಡೆದು ಹಾಕಿ ಹಲಗೆ ಅದುರುವಂತೆ ಇಟ್ಟ.

"ಆಡು ಗೌಸು!"

ಗೌಸ್ ನೋಡಿದ, ಬಗ್ಗಿ ನೋಡಿದ. ರಾಜನನ್ನು ಎತ್ತಿ ಹಿಡಿದುಕೊಂಡು ಎಲ್ಲಿಡಬಹುದು ಅಂತ ಹುಡುಕಿದ. ಎಲ್ಲಿಟ್ಟರೂ ಸಾವು. ಇದ್ದ ಜಾಗದಲ್ಲಿ ಮಾತ್ರ ಯಾರ ಹೊಡೆತವೂ ಇಲ್ಲ.

"ನಂಗೆ ಆಡಾಕೆ ಮನೇನೇ ಇಲ್ಲ ಸ್ವಾಮಣ್ಣ. ಚೆಕ್ಕೂ ಇಲ್ಲ. ಇದೇನು ಆಯ್ತು ಈಗ?"

ನಂಜುಂಡಸ್ವಾಮಿ ಪುಸ್ತಕ ತೆಗೆದ. ಮೂವತ್ತೊಂಬತ್ತನೆಯ ಪಾಠ: ಗೆದ್ದ ಆಟವನ್ನು ಕಳೆದುಕೊಳ್ಳುವ ಬಗೆ. 'ಎದುರಾಳಿಯ ರಾಜನಿಗೆ ಚೆಕ್ ಇಲ್ಲದೆ, ಆಡಲು ಒಂದು ನಡೆಯೂ ಇಲ್ಲದಂತೆ ಮಾಡಿದರೆ ಅದು ಸ್ಟೇಲ್‌ಮೇಟ್. ಆಟ ಸಮ. ಆತುರಗಾರರು ಹೀಗೆ ಕೆಡುತ್ತಾರೆ.' ಪಕ್ಕದಲ್ಲಿ ಚಿತ್ರವಿತ್ತು. ಮೂಲೆಯ ರಾಜ, ಎದುರಿಗೆ ಮಂತ್ರಿ. ಯಾರೋ ಕಿಟಕಿಯಿಂದ ನೋಡಿ ಬರೆದಂತಿತ್ತು.

"ಸಮ ಅಂದ್ರೆ ಸೋತಿಲ್ವಲ್ಲ. ಗೆದ್ದೆ ಅಂತ್ಲೇ ಇಟ್ಕೋ. ನಾನು ಒಪ್ತೀನಿ, ಇವ್ರೆಲ್ಲ ಒಪ್ತಾರೆ" ಅಂತ ಗೌಸ್ ಕೈ ಹಿಡಿದುಕೊಂಡ.

"ಗೆಲ್ಲದೆ ಓದ್ರೆ ಅಂದಿದ್ದೆ ಗೌಸು. ಗೆದ್ನಾ?"

ಗೌಸ್ ಅತ್ತ. ಅವನ ಹೆಂಡತಿ ತಾಜುನ್ನೀಸಾ ಒಳಗಿನಿಂದ ಚಹಾ ತಂದು ಬೇಡಿಕೊಂಡಳು. ನಂಜುಂಡಸ್ವಾಮಿ ಸೊಪ್ಪಿನಲ್ಲಿ ಮೋಸ ಮಾಡಿದವನಲ್ಲ, ಹಾಲಿಗೆ ನೀರು ಬೆರೆಸಿದವನಲ್ಲ. ಈಗ ಮೀಸೆಯಲ್ಲಿ ಮಾಡಿಯಾನೆ? ಚಹಾ ಮುಟ್ಟದೆ ಬೈಕು ಹತ್ತಿದ.

ಕಟ್ಟೆಮಳಲವಾಡಿ ಬಸ್ ಸ್ಟಾಪಿನಲ್ಲಿ ಶಿವಶಂಕರನ ಸೆಲೂನು. ನಂಜುಂಡಸ್ವಾಮಿ ಕುರ್ಚಿಯಲ್ಲಿ ಕುಸಿದು, ಕಣ್ಣು ಮುಚ್ಚಿ, "ಮೀಸೆ ತೆಗಿ ಶಿವಶಂಕರ" ಅಂದ.

ಶಿವಶಂಕರನ ಕೈಯಿಂದ ಬಾಚಣಿಗೆ ಬಿತ್ತು. ರೇಡಿಯೋ ಆರಿಸಿದ. ಕನ್ನಡಿಗೆ ಟವೆಲ್ ಹೊದಿಸಿದ.

"ಯಾವಾಗಣ್ಣ?"

"ಈಗ್ಲೇ ಕಣಪ್ಪ. ಅನ್ನೊಂದು ಗಂಟೇಲಿ."

"ಬಾಳಾ ಕಷ್ಟ ಆಯ್ತಾ?"

"ಕಷ್ಟ ಏನಿಲ್ಲ. ಬೆಳಗ್ಗಿಂದ ಎಲ್ಲಾ ಚೆಂದಾಗೇ ಇತ್ತು. ಇನ್ನೇನು ಬಚಾವಾದೋ ಅಂದ್ಕಳ್ಳಾ ಒತ್ತಿಗೆ, ಮೂಲೇಲಿ ಅಂಗೇ ನಿಂತೋಯ್ತು. ಅತ್ಲಾಗೂ ಅಲ್ಲಾಡ್ದು, ಇತ್ಲಾಗೂ ಅಲ್ಲಾಡ್ದು."

"ಅಯ್ಯೋ ಶಿವನೇ. ಪಕ್ಕದಲ್ಲಿ ಯಾರಿದ್ರಣ್ಣ?"

"ಗೌಸು ಇದ್ದ. ನನ್ನ ಕೈ ಇಡ್ಕಂಡು ಅತ್ತುಬುಟ್ಟ, ಪಾಪ."

ಶಿವಶಂಕರ ಕತ್ತಿ ಮಸೆದ. ಮೀಸೆ ತೆಗೆದ. ಆಮೇಲೆ ಶಾಸ್ತ್ರಕ್ಕೆ ತಕ್ಕಂತೆ ತಲೆಯ ಮೇಲೆ ತಣ್ಣೀರು ಹಾಕಿದ. ನಂಜುಂಡಸ್ವಾಮಿ ಇದು ತನ್ನನ್ನು ಸಮಾಧಾನ ಮಾಡುವ ಕ್ರಮ ಅಂದುಕೊಂಡು ಕಣ್ಣು ಬಿಡಲಿಲ್ಲ. ತಲೆಯ ಮೇಲೆ ಕೈಯಾಡುತ್ತಿದ್ದದ್ದು ಅವನಿಗೆ ಹಿತವಾಗಿಯೇ ಇತ್ತು. ಕೊನೆಗೆ ಶಿವಶಂಕರ ಅವನ ತಲೆಗೆ ತಾನೇ ಟವೆಲ್ ಸುತ್ತಿ, ಕೈ ಮುಗಿದು ಬೀಳ್ಕೊಟ್ಟ.

ಮನೆಗೆ ಹೋಗುವ ಧೈರ್ಯ ನಂಜುಂಡಸ್ವಾಮಿಗೆ ಬರಲಿಲ್ಲ. ಹಿಂದಿನ ದಾರಿಯಿಂದ ಹೊಲಕ್ಕೆ ಇಳಿದು, ಸೊಪ್ಪಿನ ಕೆಲಸ ಮುಗಿದು ಖಾಲಿ ನಿಂತಿದ್ದ ಬ್ಯಾರನ್ನಿನೊಳಗೆ ಹೋಗಿ ಕೂತ. ಬೆವರು ಒರೆಸಿಕೊಳ್ಳಲು ಟವೆಲ್ ಬಿಚ್ಚಿದಾಗಲೇ ಅವನಿಗೆ ತಲೆಯೂ ಬೋಳಾದ ವಿಷಯ ಗೊತ್ತಾದದ್ದು. ಎರಡೂ ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ. ನಂಬಿಕೆ ಬಾರದೆ ಇನ್ನೊಂದು ಸಲ ಮುಟ್ಟಿದ. ಇಂಥ ಅವತಾರದಲ್ಲಿ ಅವ್ವನ ಎದುರಿಗೆ ಹೋಗಿ ನಿಲ್ಲುವುದಕ್ಕಿಂತ ಬ್ಯಾರನ್ನಿನಲ್ಲೇ ಬೆಂದುಹೋಗುವುದು ವಾಸಿ ಅನ್ನಿಸಿತು. ಫೋನು ಗೌಸನ ಅಂಗಡಿಯ ಹಲಗೆಯ ಮೇಲೆಯೇ ಉಳಿದಿತ್ತು.

ಇತ್ತ ಶಿವಶಂಕರ ಅಂಗಡಿಗೆ ಬೀಗ ಹಾಕಿ ಡೇರಿಯ ಮುಂದೆ ನಿಂತು ಒಂದೇ ಮಾತು ಹೇಳಿದ. ಡೇರಿಯಿಂದ ಆ ಮಾತು ರುಕ್ಮಿಣಮ್ಮನ ಮನೆಗೆ ಹೋಯಿತು. ರುಕ್ಮಿಣಮ್ಮ ಓಡಿ ಬಂದು ನಡುಮನೆಯಲ್ಲಿ ಇಣುಕಿದಳು. ನೆಟ್ಟಗೆ ಚಾಪೆ, ಜೋಡಿಸಿದ ಹೆಬ್ಬೆರಳು, ತಲೆಯಿಂದ ಪಾದದವರೆಗೆ ಬಿಳಿ ದುಪ್ಪಟಿ. "ಬೆಳಗ್ಗೆ ನನ್ನ ಕೈಲಿ ಎಲೆಅಡಿಕೆ ಇಸ್ಕಂಡ್ಳಲ್ಲೋ!" ಅಂತ ಅವಳು ಬಾಗಿಲಲ್ಲೇ ಕುಕ್ಕರಿಸಿದಳು. ದಿನಾ ಅಭ್ಯಾಸ ಮಾಡಿದ್ದು ವ್ಯರ್ಥವಾಗಲಿಲ್ಲ. ಒಳಗೆ ಹೋಗಿ ಮುಟ್ಟಿ ನೋಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಒಂದು ಗಂಟೆಗೆ ಅಂಗಳದಲ್ಲಿ ಶಾಮಿಯಾನ ಎದ್ದಿತು. ಒಂದೂವರೆಗೆ ಊರಿನ ಯುವಕರ ಸಂಘದವರು ಹುಣಸೂರಿನಿಂದ ಆಳೆತ್ತರದ ಫ್ಲೆಕ್ಸ್ ಮಾಡಿಸಿ ತಂದು ಗೇಟಿಗೆ ಕಟ್ಟಿದರು. ಯಾವುದೋ ಮದುವೆಯಲ್ಲಿ ತೆಗೆದ ಫೋಟೋದಲ್ಲಿ ಸಣ್ಣತಾಯಮ್ಮ ಬೋಂಡ ಹಿಡಿದುಕೊಂಡು ನಗುತ್ತಿದ್ದಳು. ಕೆಳಗೆ 'ಮತ್ತೆ ಹುಟ್ಟಿ ಬನ್ನಿ ಅಮ್ಮ' ಎಂದಿತ್ತು, ಅದರ ಕೆಳಗೆ ಸಂಘದ ಹದಿನಾಲ್ಕು ಜನರ ಫೋಟೋ ಇದ್ದವು.

ಎರಡೂವರೆಗೆ ಪಿರಿಯಾಪಟ್ಟಣದಿಂದ ನಂಜುಂಡಸ್ವಾಮಿಯ ತಂಗಿ ಸುನಂದಮ್ಮ ಬಂದಿಳಿದಳು. ಸುನಂದಮ್ಮ ಅಳಲು ನಿಂತರೆ ಎರಡು ಊರು ಆಚೆಗೆ ಕೇಳಿಸುತ್ತದೆ ಅಂತ ಹೆಸರು. ಅವಳಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಗ್ರಾಮ ಆಡಳಿತಾಧಿಕಾರಿ ಕೃಷ್ಣಕುಮಾರ್ ಬಂದ. ಪಕ್ಕದ ಬೀದಿಗೆ ಪಹಣಿಯ ಕೆಲಸಕ್ಕೆ ಬಂದಿದ್ದವನು, ಆಮೇಲೆ ಇವರು ಅಲೆಯುವುದು ಬೇಡ ಅಂತ ಒಳ್ಳೆಯ ಮನಸ್ಸಿನಿಂದಲೇ ಮರಣ ನೋಂದಣಿಯ ಫಾರಂ ತೆಗೆದು ಜಗಲಿಯ ಮೇಲೆ ಕೂತ. ಹೆಸರು ಬರೆದ, ವಯಸ್ಸು ಬರೆದ. 'ಕಾರಣ' ಎಂಬಲ್ಲಿ 'ವಯೋಸಹಜ' ಎಂದು ದುಂಡಗೆ ಬರೆದ.

ಅಷ್ಟರಲ್ಲಿ ಆಟೋ ಒಂದು ಬಂದು ನಿಂತಿತು. ಗೌಸ್ ಇಳಿದ. ಅವನಿಗೆ ಸಣ್ಣತಾಯಮ್ಮನ ಸುದ್ದಿ ಮುಟ್ಟಿತ್ತು. ಅವನು ಮಾಡಿಕೊಂಡ ಲೆಕ್ಕಾಚಾರ ಸರಳವಾಗಿತ್ತು: ಮೀಸೆ ಇಲ್ಲದ ಮಗ ಮನೆಗೆ ಹೋಗಿದ್ದಾನೆ, ಅಮ್ಮ ನೋಡಿದ್ದಾರೆ, ಎದೆ ಒಡೆದುಕೊಂಡಿದ್ದಾರೆ.

"ನಾನೇ ಕೊಂದೆ ಕಣ್ರಪ್ಪಾ! ಈ ಕೈಯಾರೆ ಕೊಂದೆ!" ಅಂತ ಗೌಸ್ ಎದೆ ಬಡಿದುಕೊಳ್ಳುತ್ತ ಅಂಗಳಕ್ಕೆ ನುಗ್ಗಿದ.

ಕೃಷ್ಣಕುಮಾರ್ 'ವಯೋಸಹಜ' ಎಂಬುದಕ್ಕೆ ಒಂದು ಗೆರೆ ಎಳೆದು, ಪೆನ್ನು ಬಾಯಲ್ಲಿಟ್ಟುಕೊಂಡ.

"ಯಾವುದರಿಂದ?" ಅಂದ ಮೆಲ್ಲಗೆ.

"ಮಂತ್ರಿಯಿಂದ ಸಾರ್! ಸ್ವಾಮಣ್ಣನ ಮಂತ್ರಿ, ನನ್ನ ರಾಜ!"

"ರಾಜಕೀಯ ಎಲ್ಲ ಈ ಫಾರಂನಲ್ಲಿ ಬರಲ್ಲಪ್ಪ" ಅಂತ ಕೃಷ್ಣಕುಮಾರ್ ಎದ್ದು ನಿಂತ.

ಈಗ ಸುನಂದಮ್ಮ ಶುರುಮಾಡಿದಳು. "ನನ್ನವ್ವಾ" ಎಂಬ ಮೊದಲ ಕೂಗು ಹೊಲ ದಾಟಿ, ಬ್ಯಾರನ್ನಿನ ಇಟ್ಟಿಗೆ ದಾಟಿ ನಂಜುಂಡಸ್ವಾಮಿಯ ಎದೆಗೆ ಬಡಿಯಿತು. ಅದು ತಂಗಿಯ ದನಿ. ಪಿರಿಯಾಪಟ್ಟಣದ ತಂಗಿ ವಾರದ ನಡುವೆ ಬಂದು ಹೀಗೆ ಕೂಗಬೇಕಾದರೆ ಒಂದೇ ಕಾರಣ. ಅವ್ವ ಕಾಯುತ್ತಿದ್ದ ಒಂದೇ ಒಂದು ಮರ್ಯಾದೆ ತನ್ನ ಮೀಸೆ. ಅದನ್ನು ತಾನು ಯಾವುದೋ ಆಟಕ್ಕೆ ಕೊಟ್ಟು ಬಂದ ದಿನವೇ ಅವ್ವ ಹೊರಟುಬಿಟ್ಟಳು. ಕೊಡಲು ಕೈಯಲ್ಲಿ ಏನೂ ಉಳಿಯಲಿಲ್ಲ. ಎದ್ದು ಬಿದ್ದು ಓಡಿದ. ಗೇಟಿನಲ್ಲಿ ಬೋಂಡ ಹಿಡಿದು ನಗುತ್ತಿದ್ದ ಅವ್ವನನ್ನು ಕಂಡು ದನಿ ತೆಗೆದು ಅತ್ತ.

"ಸ್ವಾಮಣ್ಣಾ, ನಾನು ಕೊಂದೆ!"

"ನೀನಲ್ಲ ಗೌಸಣ್ಣ, ನಾನು! ಮೂವತ್ತೊಂಬತ್ತನೇ ಪಾಠ ಓದಿದ್ರೆ ಅವ್ವ ಉಳೀತಿದ್ಳು!"

"ಸೆಟ್ ಕಡೆದೋನು ನಾನು!"

"ಪುಸ್ತಕ ತಂದೋನು ನಾನು ಕಣೋ!"

"ದಯವಿಟ್ಟು ಒಬ್ಬೊಬ್ಬರಾಗಿ ಒಪ್ಪಿಕೊಳ್ಳಿ" ಅಂದ ಕೃಷ್ಣಕುಮಾರ್.

ಇಬ್ಬರೂ ತಬ್ಬಿಕೊಂಡು ಅಳುತ್ತಿದ್ದರೆ ಸುನಂದಮ್ಮ ಬಾಗಿಲಿಗೆ ತಲೆಯಾನಿಸಿ ಎರಡನೆಯ ಸುತ್ತಿಗೆ ಬಂದಿದ್ದಳು. "ನನ್ನವ್ವಾ, ನಂಗೆ ಕರಿ ಎಮ್ಮೆ ಒಡ್ಕಂಡೋಗು ಅಂತ ಕೊಟ್ಯಲ್ಲೇ! ಗೌರಿ ಅಬ್ಬಕ್ಕೆ ಕರ್ದು ಸೀರೆ ಕೊಟ್ಯಲ್ಲೇ!"

"ಎಮ್ಮೆ ಯಾವಾಗ್ಲೇ ಕೊಟ್ಟೆ? ಅಸ ಕೊಟ್ಟಿದ್ದು."

ಮಾತು ಒಳಗಿನಿಂದ ಬಂದಿತ್ತು. ಸುನಂದಮ್ಮ ಬಾಯಿ ತೆರೆದುಕೊಂಡೇ ನಿಂತಳು.

"ಆ ಸೀರೆನೂ ಅಂಚು ಸರಿಗಿಲ್ಲ ಅಂತ ಮುನಿಸ್ಕಂಡು ಬುಟ್ಟೋದೆ. ಈಗ ನೋಡು, ಊರೆಲ್ಲ ಕೇಳಂಗೆ ಏಳ್ತಾವ್ಳೆ." ದುಪ್ಪಟಿಯನ್ನು ಹೆಗಲಿಗೆ ಹೊದ್ದು ಸಣ್ಣತಾಯಮ್ಮ ಬಾಗಿಲಿಗೆ ಬಂದಳು. "ಯಾರು ಓಗಿದ್ದು? ರುಕ್ಮಿಣಿ, ನೀನಲ್ವಲ್ಲ? ಊಟ ಎಲ್ಲೇ ನಂದು?"

ರುಕ್ಮಿಣಮ್ಮ ಹಿಂದಕ್ಕೆ ಬಿದ್ದಳು. ಶಾಮಿಯಾನದಲ್ಲಿ ಕೂತಿದ್ದವರು ದೇವರನ್ನು ಕಂಡಂತೆ ಎದ್ದು ನಿಂತರು. ಕೃಷ್ಣಕುಮಾರ್ ಅಭ್ಯಾಸಬಲದಿಂದ, "ಮೃತರ ಆಧಾರ್ ಕಾರ್ಡು" ಅಂತ ಅರ್ಧ ಹೇಳಿ ನಾಲಿಗೆ ಕಚ್ಚಿಕೊಂಡ. "ಕಾರ್ಡಾ? ಪೆಟ್ಟಿಗೇಲದೆ, ತತ್ತೀನಿ ತಡಿ ಸ್ವಾಮಿ" ಅಂದ ಸಣ್ಣತಾಯಮ್ಮನ ಕಣ್ಣು ಆಗ ಮಗನ ಮೇಲೆ ಬಿತ್ತು. ತಲೆ ನೋಡಿದಳು. ಮೂಗಿನ ಕೆಳಗೆ ನೋಡಿದಳು.

ನಂಜುಂಡಸ್ವಾಮಿ ಅವಳ ಕಾಲು ಹಿಡಿದುಕೊಂಡ. ನಗುವೂ ಅಳುವೂ ಒಟ್ಟಿಗೆ ಬಂದವು. ಗೌಸನೇ ನಡೆದದ್ದನ್ನೆಲ್ಲ ಹೇಳಿದ. ಪುಸ್ತಕ, ಮಂಡಲ, ಮಾತು, ಮೂಲೆಗೆ ಸಿಕ್ಕಿದ ರಾಜ.

"ಅಂದ್ರೆ," ಅಂದಳು ಸಣ್ಣತಾಯಮ್ಮ, "ನಂಗೆ ಅಂತ ಇಟ್ಟಿದ್ದ ಮೀಸೆನ ಮರದ್ ಗೊಂಬೆಗೆ ಕೊಟ್ಟು ಬಂದವ್ನೆ."

"ತಪ್ಪಾಯ್ತವ್ವ."

"ತಲೆನೂ?"

"ಅದು ಶಿವಶಂಕರ ಎಚ್ಚಿಗೆ ಮಾಡ್ಬುಟ್ಟ ಕಣವ್ವ."

ಶಿವಶಂಕರ ಶಾಮಿಯಾನದ ಕಂಬದ ಹಿಂದೆ ಸರಿದ. ಸಣ್ಣತಾಯಮ್ಮ ಮಗನ ಬೋಳು ತಲೆಯ ಮೇಲೆ ಕೈಯಾಡಿಸಿದಳು.

"ಈಗ ನಾನು ಎಂಗ್ಲಾ ಸಾಯ್ಲಿ? ನಾಳೆ ಓದ್ರೆ ಬೋಳಿಸಾಕೆ ಏನದೆ ನಿನ್ತಾವ? ಜನ ಏನಂದಾರು? ಇದು ನೆಟ್ಟಗೆ ಬೆಳ್ದು ತಿರುವಂಗಾಗ್ಬೇಕಾದ್ರೆ ಆರು ತಿಂಗ್ಳು ಬೇಕು." ಬೆರಳು ಮಡಿಚಿ ಲೆಕ್ಕ ಹಾಕಿದಳು. ಯುಗಾದಿಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. "ಯುಗಾದಿಗೆ ಆಗಾಕಿಲ್ಲ. ದಸ್ರಾ ಆಗ್ಲಿ. ಅಲ್ಲೀಗಂಟ ಬ್ಯಾಡ ಬುಡು." ದೊಡ್ಡದಾಗಿ ನಿಟ್ಟುಸಿರು ಬಿಟ್ಟು, "ಬದುಕ್ಬೇಕು ಅಂದ್ಮೇಲೆ ಒಟ್ಟೆಗೆ ಆಕ್ಬೇಕಲ್ಲ. ರುಕ್ಮಿಣಿ, ಮುದ್ದೆ ತತ್ತಾರೆ. ದೊಡ್ಡದು" ಅಂದಳು.

ನಂಜುಂಡಸ್ವಾಮಿ ಅವತ್ತು ಅವ್ವ ಉಣ್ಣುವುದನ್ನು ಎದುರಿಗೆ ಕೂತು ನೋಡಿದ. ಒಂದು ಮುದ್ದೆ ಮುಗಿಯಿತು. ಅವ್ವ ತಟ್ಟೆ ಮುಂದೆ ತಳ್ಳಿ ಇನ್ನರ್ಧ ಕೇಳಿದಳು. ಅವನಿಗೆ ಗೆದ್ದ ಹಾಗೆ ಅನ್ನಿಸಿತು.

ಸಂಜೆ ಕೋಟೆಯಿಂದ ಬಂದ ಜಯಲಕ್ಷ್ಮಮ್ಮ ಗೇಟಿನ ಫ್ಲೆಕ್ಸ್ ನೋಡಿ, ಒಳಗೆ ಎಲೆಅಡಿಕೆ ಹಾಕುತ್ತಿದ್ದ ಅತ್ತೆಯನ್ನು ನೋಡಿ, ಗಂಡನ ತಲೆ ನೋಡಿ, "ನಾನು ಒಂದು ದಿನ ಮನೇಲಿಲ್ದೆ ಓದ್ರೆ!" ಅಂತ ಅಷ್ಟೇ ಹೇಳಿದಳು. ಫ್ಲೆಕ್ಸನ್ನು ಬಿಸಾಡಲು ಸಣ್ಣತಾಯಮ್ಮ ಬಿಡಲಿಲ್ಲ. ಫೋಟೋ ಚೆನ್ನಾಗಿ ಬಂದಿದೆ, ಮುಂದಕ್ಕೆ ಬೇಕಾಗುತ್ತದೆ ಅಂತ ಸುತ್ತಿ ಅಟ್ಟಕ್ಕೆ ಹಾಕಿಸಿದಳು.

ದಸರೆಯ ಹೊತ್ತಿಗೆ ಮೀಸೆ ಚೆನ್ನಾಗಿಯೇ ಬಂತು. ಸಣ್ಣತಾಯಮ್ಮ ಬೆಳಕಿಗೆ ಹಿಡಿದು ಎರಡೂ ಕಡೆ ಪರೀಕ್ಷೆ ಮಾಡಿ, "ಆಯ್ತು ಬುಡು. ಇನ್ನು ಓಗ್ಬೋದು" ಅಂದಳು. ಅವತ್ತು ರಾತ್ರಿ ಅವಳು ಉಂಡದ್ದು ಅರ್ಧ ಮುದ್ದೆ.

ಮಾರನೆಯ ದಿನ ಬೆಳಗ್ಗೆ ನಂಜುಂಡಸ್ವಾಮಿ ಗೌಸನ ಅಂಗಡಿಯಲ್ಲಿದ್ದ.

"ಗೌಸಣ್ಣ, ಇವತ್ತು ಗೆಲ್ಲದೆ ಓದ್ರೆ ಮೀಸೆ ಬೋಳಿಸ್ತೀನಿ."

ಅಂಗಡಿಯಲ್ಲಿದ್ದವರು ನಕ್ಕರು. ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲ ಅಂದರು. ಗೌಸ್ ಮಿಷನ್ ನಿಲ್ಲಿಸಿ ಬಂದು ಕೂತ. ಏಳು ತಿಂಗಳಲ್ಲಿ ನಂಜುಂಡಸ್ವಾಮಿ ಆ ಪುಸ್ತಕವನ್ನು ನಾಲ್ಕು ಮಂಡಲ ಓದಿ ಮುಗಿಸಿದ್ದ, ಒಂದು ಪಾಠವನ್ನೂ ಬಿಟ್ಟಿರಲಿಲ್ಲ. ಗೌಸನ ಕಾಯಿಗಳು ಒಂದೊಂದಾಗಿ ಹಲಗೆಯಿಂದ ಇಳಿದವು. ಕೊನೆಗೆ ಮೂಲೆಯಲ್ಲಿ ರಾಜ ಒಬ್ಬನೇ ಉಳಿದ. ಒಂದೇ ನಡೆಗೆ ಆಟ ಮುಗಿಯುವುದು ಗೌಸನಿಗೂ ಕಾಣುತ್ತಿತ್ತು. ನಂಜುಂಡಸ್ವಾಮಿ ಮಂತ್ರಿಯನ್ನು ಎತ್ತಿದ, ಬಹಳ ಹೊತ್ತು ಹಿಡಿದುಕೊಂಡ, ಇಡಬೇಕಾದ ಮನೆಯ ಪಕ್ಕದ ಮನೆಗೆ ಮೆತ್ತಗೆ ಇಟ್ಟ. ರಾಜನಿಗೆ ಚೆಕ್ ಇಲ್ಲ, ಆಡಲು ಮನೆಯೂ ಇಲ್ಲ.

"ಸ್ವಾಮಣ್ಣ, ಒಂದು ಮನೆ ಆಚೆ ಇಟ್ಟಿದ್ರೆ ಗೆದ್ದಿದ್ದೆ."

"ಊಂ."

ಗೌಸ್ ಹಲಗೆಯನ್ನು ನೋಡಿದ, ಗೆಳೆಯನ ಮುಖವನ್ನು ನೋಡಿದ. ಮಂಚದ ಕಾಲು ಕಡೆಯುವವನ ಕಣ್ಣಿಗೆ ಕೂದಲೆಳೆಯಷ್ಟು ಓರೆಯೂ ತಪ್ಪುವುದಿಲ್ಲ.

"ಅಮ್ಮ ಎಂಗವ್ರೆ?"

"ರಾತ್ರಿ ಅರ್ಧ ಮುದ್ದೆ ಉಂಡ್ಳು ಗೌಸಣ್ಣ."

ಗೌಸ್ ಎದ್ದು ಅವನ ಹೆಗಲು ಒತ್ತಿ, ಶಿವಶಂಕರನ ಸೆಲೂನಿನವರೆಗೆ ತಾನೇ ಜೊತೆಗೆ ಬಂದ. ಶಿವಶಂಕರ ಈಗ ಕತ್ತಿ ಹಿಡಿಯುವ ಮೊದಲು ಸಣ್ಣತಾಯಮ್ಮನ ಮನೆಗೆ ಫೋನು ಮಾಡಿ, ಅವಳ ದನಿಯನ್ನೇ ಕೇಳಿಸಿಕೊಂಡು ಮುಂದುವರಿಯುತ್ತಾನೆ.

ಮುಂದಿನ ಸಲ, ಯುಗಾದಿ ಹತ್ತಿರ ಬಂದಾಗ, ಗೌಸ್ ತನ್ನ ರಾಜನನ್ನು ಯಾರೂ ಓಡಿಸದೆ ತಾನೇ ಒಂದೊಂದು ಮನೆಯಾಗಿ ನಡೆಸಿಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿ ಕಾದ. ಅಷ್ಟು ಕಷ್ಟಪಟ್ಟು ಇಬ್ಬರು ಸೇರಿ ಗೆಲ್ಲದೆ ಉಳಿದ ಆಟ ಹುಣಸೂರಿನಲ್ಲಿ ಇನ್ನೊಂದಿಲ್ಲ.

ಅವತ್ತು ಮಧ್ಯಾಹ್ನ ನಂಜುಂಡಸ್ವಾಮಿ ಬೋಳು ತುಟಿ ಹೊತ್ತು ಮನೆಗೆ ಬಂದಾಗ ಸಣ್ಣತಾಯಮ್ಮ ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತಿದ್ದಳು.

"ಮತ್ತೆ ಸೋತ್ಯಾ?"

"ಸಮ ಆಯ್ತವ್ವ."

ಅವಳು ಮಗನನ್ನು ಹತ್ತಿರ ಕರೆದು, ಕಾಳಿನ ನೀರು ಮೆತ್ತಿದ ಬೆರಳಿನಿಂದಲೇ ಮೂಗಿನ ಕೆಳಗೆ ಸವರಿದಳು.

"ಕಲೀ ಮಗ, ಕಲೀ. ನಿದಾನಕ್ಕೆ ಕಲೀ," ಅಂದಳು. "ಅಂತಾ ಅವ್ಸರ ಏನೂ ಇಲ್ಲ."